ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ: ನೆಲದಡಿಯ ರಾಸಾಯನಿಕ ಹುಡುಕುವುದು ಯಾಕಿಷ್ಟು ಕಷ್ಟ?

1976ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಸಾಸ್ಟನ್ ಎಂಬ ಊರಿನಲ್ಲಿ ನೀರು ಸರಬರಾಜು ಕಂಪನಿಯೊಂದು ಕೊಳವೆಬಾವಿಗಾಗಿ ಜಾಗ ಕೊಂಡಿತು. ನೀರನ್ನು ಪರೀಕ್ಷೆ ಮಾಡಿಸಿತು. ಆ ಕಾಲದ ಅಳತೆಗೋಲಿನಲ್ಲಿ ನೀರು ಚೆನ್ನಾಗಿಯೇ ಇತ್ತು. ಜನರ ಮನೆಗಳಿಗೆ ನೀರು ಹೋಗತೊಡಗಿತು. 1983ರಲ್ಲಿ ಯುರೋಪಿನ ಹೊಸ ನಿಯಮಗಳು ಹತ್ತಿರವಾದಾಗ ಅದೇ ನೀರನ್ನು ಮತ್ತೆ ಪರೀಕ್ಷಿಸಿದರು. ಈ ಸಲ ಅದರಲ್ಲಿ ಟೆಟ್ರಾಕ್ಲೋರೋಎಥಿಲೀನ್ ಎಂಬ ದ್ರಾವಕ ಸಿಕ್ಕಿತು. ಇದನ್ನು ಚಿಕ್ಕದಾಗಿ ಪಿಸಿಇ ಅಂತಾರೆ. ಬಾವಿಯನ್ನು ಮುಚ್ಚಬೇಕಾಯಿತು.

ಪಿಸಿಇ ಬಂದದ್ದು ಸುಮಾರು 2 ಕಿಲೋಮೀಟರ್ ದೂರದ ಚರ್ಮದ ಕಾರ್ಖಾನೆಯಿಂದ. ಅಲ್ಲಿ ಟ್ಯಾಂಕ್ ಒಡೆದಿರಲಿಲ್ಲ, ದೊಡ್ಡ ಅಪಘಾತವೂ ಆಗಿರಲಿಲ್ಲ. ಡ್ರಮ್ಮಿನಿಂದ ಯಂತ್ರಕ್ಕೆ ಸುರಿಯುವಾಗ ಪ್ರತಿ ಸಲ ಸ್ವಲ್ಪ ಸ್ವಲ್ಪ ಚೆಲ್ಲುತ್ತಿತ್ತು, ಅಷ್ಟೇ. ಕಾಂಕ್ರೀಟ್ ನೆಲದ ಮೇಲೆ ಬಿದ್ದದ್ದು ಬೇಗ ಆರಿ ಹೋಗುತ್ತದೆ ಅಂದುಕೊಂಡಿದ್ದರು. ಒಂದಷ್ಟು ಆರಿತು. ಉಳಿದದ್ದು ಕಾಂಕ್ರೀಟ್ ದಾಟಿ, ಮಣ್ಣು ದಾಟಿ, ಕೆಳಗಿನ ಸೀಮೆಸುಣ್ಣದ ಬಂಡೆಯ ಬಿರುಕುಗಳಿಗೆ ಇಳಿಯಿತು. ಪ್ರಕರಣ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದವರೆಗೂ ಹೋಯಿತು. ಇಂಥದ್ದು ಆಗಬಹುದು ಅಂತ ಆ ಕಾಲದಲ್ಲಿ ಯಾರೂ ಊಹಿಸಲು ಆಗುತ್ತಿರಲಿಲ್ಲ ಎಂದು 1993ರಲ್ಲಿ ತೀರ್ಪು ಬಂತು. ಕಾರ್ಖಾನೆ ಹೊಣೆಯಿಂದ ಪಾರಾಯಿತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಮೊದಲ ಪರೀಕ್ಷೆ. ಅದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಪ್ರಯೋಗಾಲಯವೂ ಎಡವಿರಲಿಲ್ಲ. ಪಿಸಿಇಯನ್ನು ಯಾರೂ ಹುಡುಕಿರಲಿಲ್ಲ, ಅದಕ್ಕೇ ಸಿಗಲಿಲ್ಲ. ಇವತ್ತು ನಾವು ಪಿಸಿಇಯನ್ನು ಹುಡುಕುತ್ತೇವೆ, ಇನ್ನೂ ನೂರಾರು ರಾಸಾಯನಿಕಗಳನ್ನು ಹುಡುಕುತ್ತೇವೆ. ಆದರೂ ವರದಿಯಲ್ಲಿ 'ಪತ್ತೆಯಾಗಿಲ್ಲ' ಅಂತ ಬರೆದ ಜಾಗದ ಕೆಳಗೇ ವಿಷ ಕೂತಿರುವುದು ಅಪರೂಪವೇನಲ್ಲ. ಎಲ್ಲಿ ಕೊರೆದಿರಿ, ಎಷ್ಟು ಆಳದಿಂದ ನೀರು ತೆಗೆದಿರಿ, ಆ ನೆಲ ಎಂಥದ್ದು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ನೆಲವನ್ನು ಅರ್ಥ ಮಾಡಿಕೊಳ್ಳದೆ ರಾಸಾಯನಿಕವನ್ನು ಹುಡುಕಲು ಹೊರಟರೆ ಸುಮ್ನೆ ಕೊರೆದು ಕೊರೆದು ದಣಿಯುತ್ತೇವೆ.

ಒಂದು ಲೀಟರಿನ ಲೆಕ್ಕ

ಪಿಸಿಇಯ ಹತ್ತಿರದ ನೆಂಟ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ. ಎರಡೂ ಜಿಡ್ಡು ತೆಗೆಯುವುದರಲ್ಲಿ ಗಟ್ಟಿ. ಡ್ರೈಕ್ಲೀನಿಂಗ್ ಅಂಗಡಿ, ವಿಮಾನ ದುರಸ್ತಿ ಕೇಂದ್ರ, ಲೋಹದ ಬಿಡಿಭಾಗ ತೊಳೆಯುವ ಶೆಡ್‌ಗಳಲ್ಲಿ ದಶಕಗಳ ಕಾಲ ಇವನ್ನು ನೀರಿನ ಹಾಗೆ ಬಳಸಿದ್ದಾರೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇವೆರಡರ ಮಿತಿಯೂ ಲೀಟರಿಗೆ 5 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ಮೈಕ್ರೋಗ್ರಾಂ.

ಈಗ ಲೆಕ್ಕ ಹಾಕಿ. ಟಿಸಿಇ ನೀರಿಗಿಂತ ಭಾರ. ಒಂದು ಲೀಟರ್ ಅಂದರೆ 1.46 ಕಿಲೋ. ಅಷ್ಟೂ ನೀರಿನಲ್ಲಿ ಸಮನಾಗಿ ಕರಗಿತು ಅಂದುಕೊಂಡರೆ, ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಯವರೆಗೆ ಕೆಡಿಸಬಲ್ಲದು. ಒಂದೇ ಒಂದು ಲೀಟರ್.

ಆದರೆ ಅದು ಒಮ್ಮೆಲೇ ಕರಗುವುದಿಲ್ಲ. ನೀರು ಹಿಡಿದಿಟ್ಟುಕೊಳ್ಳಬಲ್ಲ ಟಿಸಿಇ ಲೀಟರಿಗೆ ಸುಮಾರು 1,100 ಮಿಲಿಗ್ರಾಂ ಮಾತ್ರ. ಹಾಗಾಗಿ ಸುರಿದ ದ್ರಾವಕ ನೆಲದಡಿಯಲ್ಲಿ ದಶಕಗಟ್ಟಲೆ ಉಳಿಯುತ್ತದೆ, ನಿಧಾನವಾಗಿ ಕರಗುತ್ತದೆ. ಆ ನಿಧಾನದ ಕರಗುವಿಕೆಯೂ ಕುಡಿಯುವ ನೀರಿನ ಮಿತಿಯ ಎರಡು ಲಕ್ಷ ಪಟ್ಟಿಗಿಂತ ಜಾಸ್ತಿ. ಬೇಗ ಕರಗಿ ಮುಗಿಯುವುದೂ ಇಲ್ಲ, ಕರಗದೆ ಸುಮ್ಮನೆ ಕೂರುವುದೂ ಇಲ್ಲ. ಕಷ್ಟ ಶುರುವಾಗುವುದೇ ಇಲ್ಲಿಂದ.

ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ಅವು ಸೋರಿದರೆ ಅಂತರ್ಜಲದ ಮೇಲ್ಮೈ ತನಕ ಇಳಿದು ಅಲ್ಲಿ ತೇಲುತ್ತವೆ. ಹುಡುಕುವವರಿಗೆ ಕನಿಷ್ಠ ಎಷ್ಟು ಆಳದಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ. ಟಿಸಿಇ ಹಾಗಲ್ಲ. ಅಂತರ್ಜಲ ಸಿಕ್ಕರೂ ನಿಲ್ಲದೆ ಮುಳುಗುತ್ತಾ ಹೋಗುತ್ತದೆ. ನೀರಿಗಿಂತ ತೆಳುವಾಗಿ ಹರಿಯುವ ಗುಣ ಇರುವುದರಿಂದ ತೀರಾ ಸಣ್ಣ ಸಂದಿಯಲ್ಲೂ ನುಸುಳುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಹನಿಗಳನ್ನು ಬಿಟ್ಟು ಹೋಗುತ್ತದೆ. ಗಟ್ಟಿ ಪದರ ಅಡ್ಡ ಬಂದರೆ ಅದರ ಇಳಿಜಾರು ಹಿಡಿದು ಪಕ್ಕಕ್ಕೆ ಜಾರುತ್ತದೆ. ಅಂತರ್ಜಲ ಪೂರ್ವಕ್ಕೆ ಹರಿಯುತ್ತಿದ್ದರೂ ದ್ರಾವಕ ಪಶ್ಚಿಮಕ್ಕೆ ಜಾರಬಹುದು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಬೋರ್ಡನ್ ಎಂಬ ಸೇನಾ ನೆಲೆ ಇದೆ. ಅಲ್ಲಿನ ಮರಳು ನೆಲದಲ್ಲಿ ವಾಟರ್ಲೂ ವಿಶ್ವವಿದ್ಯಾಲಯದವರು ಹಲವು ಪ್ರಯೋಗ ಮಾಡಿದ್ದಾರೆ. ಒಂದರಲ್ಲಿ ಸುತ್ತ ಉಕ್ಕಿನ ತಡೆಗೋಡೆ ಕಟ್ಟಿ, ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗದಲ್ಲಿ ಸುಮಾರು 230 ಲೀಟರ್ ಪಿಸಿಇ ಬಿಟ್ಟರು. ಒಂದು ತಿಂಗಳ ಆಸುಪಾಸಿನಲ್ಲಿ ಆ ಜಾಗವನ್ನು ಪದರ ಪದರವಾಗಿ ಅಗೆದು ನೋಡಿದರು. ಮರಳು ಕಣ್ಣಿಗೆ ಒಂದೇ ಥರ ಕಾಣುತ್ತಿತ್ತು. ಪಿಸಿಇಗೆ ಹಾಗೆ ಕಂಡಿರಲಿಲ್ಲ. ಕಣದ ಗಾತ್ರದಲ್ಲಿ ಚೂರೇ ಚೂರು ವ್ಯತ್ಯಾಸ ಇದ್ದ ಕಡೆ ಅದು ತೆಳು ಹಾಳೆಗಳ ಹಾಗೆ ಅಡ್ಡಡ್ಡ ಹರಡಿ ನಿಂತಿತ್ತು. ಒಂದು ಹಾಳೆಗೂ ಇನ್ನೊಂದಕ್ಕೂ ನಡುವಿನ ಮರಳು ಶುದ್ಧ.

ಇದು ಸುಲಭದ ನೆಲದ ಕಥೆ ಅನ್ನುವುದು ನೆನಪಿರಲಿ.

ಶಾಯಿಯ ಹಾಗೆ ಹರಡುವುದಿಲ್ಲ

ದ್ರಾವಕದ ಹನಿಗಳ ಮೇಲೆ ಅಂತರ್ಜಲ ಹಾದು ಹೋಗುವಾಗ ಒಂದಿಷ್ಟು ಕರಗಿಸಿಕೊಂಡು ಮುಂದೆ ಸಾಗುತ್ತದೆ. ಚಿಮಣಿಯಿಂದ ಹೊಗೆ ಗಾಳಿಯ ದಿಕ್ಕಿಗೆ ಸಾಗಿದ ಹಾಗೆ ಕಲುಷಿತ ನೀರಿನ ಉದ್ದನೆಯ ಜಾಡು ಹುಟ್ಟುತ್ತದೆ. ಇದನ್ನೇ ಪ್ಲೂಮ್ ಅನ್ನುವುದು. ನಾವು ಕುಡಿಯುವ ನೀರಿಗೆ ತಲುಪುವುದು ಇದೇ.

ಲೋಟದ ನೀರಿಗೆ ಬಿದ್ದ ಶಾಯಿಯ ಹನಿ ಎಲ್ಲ ಕಡೆಗೂ ಹರಡುತ್ತದೆ, ಅಲ್ವಾ? ನೆಲದಡಿಯಲ್ಲೂ ಹಾಗೇ ಆಗುತ್ತದೆ ಅಂತ ಬಹಳ ಕಾಲ ಎಂಜಿನಿಯರುಗಳೂ ಅಂದುಕೊಂಡಿದ್ದರು. 1982ರಲ್ಲಿ ಅದೇ ಬೋರ್ಡನ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಾಟರ್ಲೂ ವಿಶ್ವವಿದ್ಯಾಲಯದವರು ಕೂಡಿ ಇದನ್ನು ಪರೀಕ್ಷಿಸಿದರು. ಗುರುತು ಹಚ್ಚಬಲ್ಲ ಲವಣ ಮತ್ತು ರಾಸಾಯನಿಕ ಬೆರೆಸಿದ ಸುಮಾರು 12,000 ಲೀಟರ್ ನೀರನ್ನು ನೆಲಕ್ಕೆ ಬಿಟ್ಟರು. ಅದರ ಹಾದಿಯುದ್ದಕ್ಕೂ ಬೇರೆ ಬೇರೆ ಆಳದಲ್ಲಿ ಸುಮಾರು 5,000 ಮಾದರಿ ಬಿಂದುಗಳನ್ನು ಇಟ್ಟಿದ್ದರು. ಆ ನೀರು ದಿನಕ್ಕೆ ಸುಮಾರು 9 ಸೆಂಟಿಮೀಟರ್ ವೇಗದಲ್ಲಿ ಸಾಗಿತು. ಮುಂದಕ್ಕೆ ಉದ್ದವಾಗಿ ಚಾಚಿತು. ಪಕ್ಕಕ್ಕೆ ಸ್ವಲ್ಪವೇ ಹರಡಿತು. ಮೇಲೆ ಕೆಳಗೆ ಹರಡಿದ್ದು ಇನ್ನೂ ಕಡಿಮೆ.

ಇದರ ಪರಿಣಾಮ ದೊಡ್ಡದು. ಪ್ಲೂಮ್ ಒಂದು ಉದ್ದ, ತೆಳು ಪಟ್ಟಿ. 30 ಮೀಟರಿಗೊಂದು ಬಾವಿ ಕೊರೆದರೆ ಅದು ಎರಡು ಬಾವಿಗಳ ನಡುವೆ ಆರಾಮಾಗಿ ಹಾದು ಹೋಗಬಹುದು. ಜಾಗ ಸರಿಯಾಗಿದ್ದರೂ ಆಳ ತಪ್ಪಿದರೆ ಬಾವಿಯ ಕೆಳಗಿಂದಲೋ ಮೇಲಿಂದಲೋ ತಪ್ಪಿಸಿಕೊಳ್ಳುತ್ತದೆ.

ಜಾಗವೂ ಆಳವೂ ಸರಿಯಾಗಿದ್ದು ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಇದೆ. ಬಾವಿಯ ಪೈಪಿನಲ್ಲಿ ನೀರು ಒಳಬರುವ ರಂಧ್ರಗಳ ಭಾಗ (ಇದನ್ನೇ ಬಾವಿಯ ಬಾಯಿ ಅನ್ನೋಣ) 10 ಮೀಟರ್ ಉದ್ದ ಇದೆ ಅಂದುಕೊಳ್ಳಿ. ಅದರಲ್ಲಿ 10 ಸೆಂಟಿಮೀಟರ್ ದಪ್ಪದ ಒಂದೇ ಪದರದಲ್ಲಿ ಲೀಟರಿಗೆ 400 ಮೈಕ್ರೋಗ್ರಾಂ ಟಿಸಿಇ ಇದೆ. ಉಳಿದದ್ದೆಲ್ಲ ಶುದ್ಧ. ಎಲ್ಲ ಪದರಗಳಿಂದ ನೀರು ಸಮನಾಗಿ ಬಂದರೆ ಪಂಪಿನಿಂದ ಮೇಲೆ ಬರುವ ನೀರಿನಲ್ಲಿ 4 ಮೈಕ್ರೋಗ್ರಾಂ ಇರುತ್ತದೆ. ಮಿತಿ 5. ವರದಿಯಲ್ಲಿ 'ಸುರಕ್ಷಿತ' ಅಂತ ಬರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಮಿತಿಗಿಂತ 80 ಪಟ್ಟು ಕೆಟ್ಟ ನೀರು ಒಳ್ಳೆಯ ನೀರಿನಲ್ಲಿ ಕಾಣದಂತಾಯಿತು. ಅದೇ ತೆಳು ಪದರಕ್ಕೆ ಸರಿಯಾಗಿ ಪಕ್ಕದ ಇನ್ನೊಂದು ಬಾವಿಯ ಬಾಯಿ ಇದ್ದರೆ, ಅದಕ್ಕೆ ಪೂರ್ತಿ ಏಟು.

ಈ ಕಾರಣಕ್ಕೇ ಉದ್ದ ಬಾಯಿಯ ಬಾವಿಗಳನ್ನು ನಂಬಿ ಜಾಗವೊಂದಕ್ಕೆ ಶುದ್ಧ ಅಂತ ಚೀಟಿ ಕೊಡುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀರಾವರಿಗೋ ಸರಬರಾಜಿಗೋ ಕೊರೆದ ಬಾವಿ ನೀರು ಎತ್ತುವುದಕ್ಕೆ ಇರುವುದು, ಪತ್ತೆದಾರಿಕೆಗೆ ಅಲ್ಲ. ಪತ್ತೆಗೆ ಬೇಕಾದದ್ದು ಒಂದೇ ರಂಧ್ರದಲ್ಲಿ ಬೇರೆ ಬೇರೆ ಆಳಕ್ಕೆ ಬೇರೆ ಬೇರೆ ಸಣ್ಣ ಬಾಯಿ ಇರುವ ಬಹುಹಂತದ ಬಾವಿ.

ಬಂಡೆಯೊಳಗೆ

ಮರಳಿನಲ್ಲೇ ಇಷ್ಟು ಕಷ್ಟ ಅಂದಮೇಲೆ ಗಟ್ಟಿ ಬಂಡೆಯಲ್ಲಿ? ಬಾವಿ ಕೊರೆಸಿದ ಯಾರಿಗೂ ಗೊತ್ತಿರುವ ವಿಷಯ: ಬಂಡೆ ನೆಲದಲ್ಲಿ ನೀರು ಎಲ್ಲ ಕಡೆ ಇರುವುದಿಲ್ಲ, ಸೆಲೆಯಲ್ಲಿ ಇರುತ್ತದೆ. ಒಬ್ಬರ ಬಾವಿಗೆ ಸೆಲೆ ಸಿಕ್ಕಿ ಹತ್ತು ಹೆಜ್ಜೆ ಆಚೆ ಧೂಳು ಮಾತ್ರ ಬರುತ್ತದೆ. ರಾಸಾಯನಿಕ ಹಿಡಿಯುವ ದಾರಿಯೂ ಅದೇ ಸೆಲೆಯ ದಾರಿ.

ಬಿರುಕಿನ ಅಗಲ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಬಿರುಕಿನಲ್ಲಿ ಹರಿಯುವ ನೀರಿನ ಪ್ರಮಾಣ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅಗಲ ಹತ್ತು ಪಟ್ಟಾದರೆ ಹರಿವು ಸಾವಿರ ಪಟ್ಟು. ಒಂದು ಮಿಲಿಮೀಟರ್ ಅಗಲದ ಒಂದೇ ಒಂದು ಬಿರುಕು, ಹತ್ತನೇ ಒಂದು ಮಿಲಿಮೀಟರಿನ ಸಾವಿರ ಬಿರುಕುಗಳಷ್ಟು ನೀರು ಒಯ್ಯುತ್ತದೆ. ಹಾಗಾಗಿ ಬಂಡೆಯಲ್ಲಿ ನೂರಾರು ಬಿರುಕು ಕಂಡರೂ ನಿಜವಾಗಿ ಕೆಲಸ ಮಾಡುತ್ತಿರುವುದು ನಾಲ್ಕೈದು ಮಾತ್ರ ಇರಬಹುದು. ಆ ನಾಲ್ಕೈದನ್ನು ಹಿಡಿಯಬೇಕು.

ನೆಟ್ಟಗೆ ಕೆಳಕ್ಕೆ ಕೊರೆದ ರಂಧ್ರ ಅಡ್ಡ ಬಿರುಕುಗಳನ್ನು ಚೆನ್ನಾಗಿ ದಾಟುತ್ತದೆ. ನೆಟ್ಟಗಿನ ಬಿರುಕುಗಳನ್ನು ದಾಟುವುದಿಲ್ಲ, ಅವುಗಳ ಪಕ್ಕದಲ್ಲೇ ಸಾಗಿ ಹೋಗುತ್ತದೆ. ಆದರೆ ಮುಳುಗುವ ದ್ರಾವಕ ಕೆಳಗಿಳಿಯುವುದು ಅಂಥ ನೆಟ್ಟಗಿನ ಬಿರುಕುಗಳಲ್ಲೇ. ಅನುಭವ ಇದ್ದವರು ಒಂದೆರಡು ರಂಧ್ರಗಳನ್ನಾದರೂ ಓರೆಯಾಗಿ ಕೊರೆಸುತ್ತಾರೆ. ಖರ್ಚು ಜಾಸ್ತಿ ಅಂತ ಮೊದಲು ಕೈಬಿಡುವುದೂ ಇದನ್ನೇ.

ಕೊರೆಯುವ ಕೆಲಸದಲ್ಲೇ ಒಂದು ಅಪಾಯ ಇದೆ. ಮೇಲಿನ ಬಿರುಕಿನಲ್ಲಿ ವಿಷ ಇದೆ, ಕೆಳಗಿನದು ಶುದ್ಧ. ಎರಡರ ನಡುವೆ ಗಟ್ಟಿ ಬಂಡೆ ಇತ್ತು. ನಾವು ಕೊರೆದ ರಂಧ್ರ ಎರಡನ್ನೂ ಸೇರಿಸಿಬಿಟ್ಟಿತು. ಮೇಲಿನ ನೀರು ರಂಧ್ರದೊಳಗೆ ಇಳಿದು ಕೆಳಗಿನ ಸೆಲೆಗೆ ಸೇರುತ್ತದೆ. ಆಮೇಲೆ ಆ ಆಳದ ಮಾದರಿ ತೆಗೆದರೆ ಅಲ್ಲೂ ವಿಷ. ನಾವೇ ಒಯ್ದದ್ದನ್ನು ನಾವೇ ಪತ್ತೆ ಹಚ್ಚಿದ ಹಾಗಾಯಿತು. ಜತೆಗೆ ಒಂದು ಒಳ್ಳೆಯ ಸೆಲೆ ಹಾಳಾಯಿತು. ಹಾಗಾಗಿ ಕೊರೆದ ರಂಧ್ರವನ್ನು ತೆರೆದಿಟ್ಟು ಬಿಡುವಂತಿಲ್ಲ.

ಇದಕ್ಕೆ ಬಳಸುವ ಒಂದು ಉಪಾಯ ನನಗೆ ಬಹಳ ಇಷ್ಟ. ಗಾಳಿ ನೀರು ದಾಟದ ಬಟ್ಟೆಯ ಉದ್ದನೆಯ ಚೀಲವನ್ನು ಕಾಲುಚೀಲ ಒಳಮಗ್ಗುಲು ಹೊರಗೆ ಮಾಡುವ ಹಾಗೆ ಮಗುಚುತ್ತಾ ರಂಧ್ರಕ್ಕೆ ಇಳಿಸುತ್ತಾರೆ. ಒಳಗೆ ನೀರು ತುಂಬಿದಂತೆ ಅದು ಬಂಡೆಯ ಗೋಡೆಗೆ ಒತ್ತಿಕೊಂಡು ಬಿರುಕುಗಳನ್ನು ಮುಚ್ಚುತ್ತದೆ. ಇಳಿಯುವಾಗ ಕೆಳಗಿನ ನೀರನ್ನು ಬಿರುಕುಗಳೊಳಕ್ಕೆ ತಳ್ಳುತ್ತಾ ಹೋಗುತ್ತದೆ. ಒಂದು ದೊಡ್ಡ ಬಿರುಕು ಮುಚ್ಚಿದ ತಕ್ಷಣ ಇಳಿಯುವ ವೇಗ ತಗ್ಗುತ್ತದೆ. ಎಲ್ಲಿ ಎಷ್ಟು ತಗ್ಗಿತು ಅಂತ ಬರೆದುಕೊಂಡರೆ ಯಾವ ಆಳದ ಬಿರುಕು ಎಷ್ಟು ನೀರು ಒಯ್ಯುತ್ತದೆ ಅನ್ನುವ ಪಟ್ಟಿಯೇ ಸಿಗುತ್ತದೆ. ಚೀಲದ ಹೊರಗೆ ಬಣ್ಣ ಹಚ್ಚಿದ ಹೊದಿಕೆ ಹಾಕಿದರೆ ಕರಗದ ದ್ರಾವಕ ತಾಗಿದ ಕಡೆ ಕಲೆ ಮೂಡುತ್ತದೆ. ಮೇಲೆ ಎಳೆದು ಟೇಪು ಹಿಡಿದು ಅಳೆದರೆ ಆಯಿತು. ಇದರ ಜತೆ ರಂಧ್ರದ ಗೋಡೆಯನ್ನು ಸುತ್ತಲೂ ಚಿತ್ರ ತೆಗೆಯುವ ಕ್ಯಾಮೆರಾ ಮತ್ತು ಶಬ್ದದ ಅಲೆಯ ಉಪಕರಣ ಇಳಿಸಿದರೆ ಬಿರುಕು ಯಾವ ದಿಕ್ಕಿಗೆ ಓರೆಯಾಗಿದೆ ಅನ್ನುವುದೂ ತಿಳಿಯುತ್ತದೆ.

ಇಷ್ಟಾದರೂ ಅರ್ಧ ಕಥೆಯೇ. ಮರಳುಗಲ್ಲು, ಸುಣ್ಣಕಲ್ಲು, ಸೀಮೆಸುಣ್ಣದಂಥ ಬಂಡೆಗಳ ಮೈಯಲ್ಲೇ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಬಿರುಕಿನಲ್ಲಿ ಹರಿಯುವ ರಾಸಾಯನಿಕ ವರ್ಷಗಟ್ಟಲೆ ಪಕ್ಕದ ಬಂಡೆಯೊಳಕ್ಕೆ ಮೆಲ್ಲಗೆ ಊರುತ್ತದೆ. ಕೊನೆಗೆ ಬಿರುಕಿನಲ್ಲಿ ಇರುವುದಕ್ಕಿಂತ ಬಂಡೆಯ ಮೈಯಲ್ಲಿ ಇರುವುದೇ ಜಾಸ್ತಿಯಾಗುತ್ತದೆ. ನೀರಿನ ಮಾದರಿ ಬಿರುಕಿನ ಮಾತು ಮಾತ್ರ ಹೇಳುತ್ತದೆ. ಬಂಡೆಯ ಮಾತು ಕೇಳಬೇಕಾದರೆ ಕೊರೆದ ಬಂಡೆಯ ಕಂಬವನ್ನೇ ತೆಗೆದು, ಕಡಿಮೆ ಅಂತರದಲ್ಲಿ ತುಂಡು ಕತ್ತರಿಸಿ, ಆವಿಯಾಗುವ ಮುನ್ನ ಜಜ್ಜಿ ಮೆಥನಾಲಿನಲ್ಲಿ ಮುಳುಗಿಸಬೇಕು. ಕೆನಡಾದ ಬೆತ್ ಪಾರ್ಕರ್, ಜಾನ್ ಚೆರ್ರಿ ಮತ್ತವರ ಜತೆಗಾರರು ಬೆಳೆಸಿದ ಈ ಪದ್ಧತಿ ಬಂಡೆ ನೆಲದ ಪತ್ತೆದಾರಿಕೆಯನ್ನೇ ಬದಲಿಸಿತು.

ಬಂಡೆ ಹೀಗೆ ಹಿಡಿದಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಸಾಕ್ಷಿ. ಅಲ್ಲಿನ ಸ್ಯಾಂಡ್ರಿಜ್ ಎಂಬಲ್ಲಿ 1955ರಿಂದ 1980ರವರೆಗೆ ಒಂದು ರಾಸಾಯನಿಕ ಕಾರ್ಖಾನೆ ಇತ್ತು. ಆಮೇಲೆ ಆ ಜಾಗದಲ್ಲಿ ಮನೆಗಳು ಬಂದವು. 2000ದಲ್ಲಿ ಹ್ಯಾಟ್‌ಫೀಲ್ಡ್‌ನ ಸರಬರಾಜು ಬಾವಿಯ ನೀರಿನಲ್ಲಿ ಬ್ರೋಮೇಟ್ ಸಿಕ್ಕಿತು. ಕಾರ್ಖಾನೆ ಮುಚ್ಚಿ ಆಗಲೇ 20 ವರ್ಷವಾಗಿತ್ತು. ಸೀಮೆಸುಣ್ಣದ ಬಂಡೆಯಲ್ಲಿ ಹರಡಿರುವ ಆ ಪ್ಲೂಮ್ ಸುಮಾರು 20 ಕಿಲೋಮೀಟರ್ ಉದ್ದ. ಬಂಡೆಯ ಮೈಯಿಂದ ಬ್ರೋಮೇಟ್ ಇನ್ನೂ ಮೆಲ್ಲಗೆ ಬಿರುಕುಗಳಿಗೆ ವಾಪಸು ಬರುತ್ತಲೇ ಇದೆ.

ಜೇಡಿ, ಗುಂಡುಕಲ್ಲು, ಗುಹೆ

ಜೇಡಿ ಮಣ್ಣು ನೀರು ಬಿಡುವುದಿಲ್ಲ, ಹಾಗಾಗಿ ಅದು ರಕ್ಷಣೆಯ ಹೊದಿಕೆ ಅಂತ ನಂಬುತ್ತೇವೆ. ಬಿರುಕಿಲ್ಲದಿದ್ದರೆ ನಿಜ. ಒಣಗಿ ಒಡೆದ ಜೇಡಿಯಲ್ಲಿ, ಬೇರು ಇಳಿದ ಜೇಡಿಯಲ್ಲಿ ಸಣ್ಣ ಸೀಳುಗಳಿರುತ್ತವೆ. ದ್ರಾವಕಕ್ಕೆ ಅಷ್ಟು ಸಾಕು. ಒಳಗೆ ಸೇರಿದ ಮೇಲೆ ಜೇಡಿ ಅದನ್ನು ಬಚ್ಚಿಟ್ಟುಕೊಳ್ಳುತ್ತದೆ. ಪಕ್ಕದ ಮರಳನ್ನು ವರ್ಷಗಟ್ಟಲೆ ಪಂಪು ಮಾಡಿ ತೊಳೆದು, ಸಂಖ್ಯೆ ಇಳಿಯಿತು ಅಂತ ಪಂಪು ನಿಲ್ಲಿಸಿದರೆ ಜೇಡಿಯಿಂದ ಮತ್ತೆ ಜಿನುಗಿ ಸಂಖ್ಯೆ ಏರುತ್ತದೆ.

ಮೆತ್ತಗಿನ ನೆಲದಲ್ಲಿ ಒಂದು ಅನುಕೂಲ ಇದೆ. ಕೊರೆಯದೇ ಸರಳನ್ನು ಒತ್ತಿ ಇಳಿಸಬಹುದು. ಮಿಪ್ ಎಂಬ ಉಪಕರಣದ ತುದಿಯಲ್ಲಿ 100 ಡಿಗ್ರಿಗಿಂತ ಜಾಸ್ತಿ ಕಾಯುವ ಭಾಗ ಇರುತ್ತದೆ. ಸುತ್ತಲಿನ ಮಣ್ಣಿನ ರಾಸಾಯನಿಕ ಆವಿಯಾಗಿ ಒಂದು ತೆಳು ಪೊರೆ ದಾಟಿ ಒಳಬರುತ್ತದೆ, ಕೊಳವೆಯಲ್ಲಿ ಮೇಲಿನ ಯಂತ್ರಕ್ಕೆ ತಲುಪುತ್ತದೆ. ಸರಳು ಇಳಿದಂತೆ ಪರದೆಯ ಮೇಲೆ ಆಳಕ್ಕೆ ತಕ್ಕ ಗೆರೆ ಮೂಡುತ್ತದೆ. ಅದೇ ಸರಳು ಮಣ್ಣಿನ ವಿದ್ಯುತ್ ವಾಹಕತೆಯನ್ನೂ ಅಳೆಯುವುದರಿಂದ ವಿಷ ಇರುವುದು ಜೇಡಿಯಲ್ಲೋ ಮರಳಲ್ಲೋ ಅಂತ ಅಲ್ಲೇ ಗೊತ್ತಾಗುತ್ತದೆ. ಎಣ್ಣೆ, ಡಾಂಬರಿಗೆ ಇನ್ನೊಂದು ಸರಳು ಇದೆ. ಅದರ ಕಿಟಕಿಯಿಂದ ನೇರಳಾತೀತ ಬೆಳಕು ಬಿಟ್ಟರೆ ಎಣ್ಣೆ ಹೊಳೆಯುತ್ತದೆ. ಶುದ್ಧ ಟಿಸಿಇ ಹೀಗೆ ಹೊಳೆಯುವುದಿಲ್ಲ ಅನ್ನುವುದನ್ನು ಮರೆತರೆ ಮೋಸ ಹೋಗುತ್ತೇವೆ. ಮಿಪ್‌ಗೂ ಮಿತಿ ಇದೆ. ಅದು ಕುಡಿಯುವ ನೀರಿನ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದನ್ನು ಮಾತ್ರ ಕಾಣಬಲ್ಲದು. ವಿಷದ ರಾಶಿ ಎಲ್ಲಿದೆ ಎನ್ನಲು ಸರಿ. ನೀರು ಶುದ್ಧ ಎನ್ನಲು ಸಾಲದು.

ಗುಂಡುಕಲ್ಲು ತುಂಬಿದ ನೆಲದಲ್ಲಿ, ಹಳೆ ಕಟ್ಟಡದ ಅವಶೇಷ ಸುರಿದು ಮಟ್ಟ ಮಾಡಿದ ಜಾಗದಲ್ಲಿ ಇಂಥ ಸರಳು ಇಳಿಯುವುದೇ ಇಲ್ಲ. ಅಲ್ಲಿ ಕಂಪನದಿಂದ ಕೊರೆಯುವ ಯಂತ್ರ ಬೇಕು.

ಸುಣ್ಣಕಲ್ಲು ಕರಗಿ ಗುಹೆ ಕೊಳವೆಗಳಾದ ನೆಲ ಇನ್ನೊಂದು ಲೋಕ. ಅಲ್ಲಿ ನೀರು ನದಿಯ ಹಾಗೆ ಓಡುತ್ತದೆ. 1877ರಲ್ಲಿ ಜರ್ಮನಿಯ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್, ಡ್ಯಾನ್ಯೂಬ್ ನದಿ ನೆಲದೊಳಗೆ ಇಂಗಿ ಮಾಯವಾಗುವ ಜಾಗದಲ್ಲಿ 10 ಕಿಲೋ ಫ್ಲೋರಸೀನ್ ಬಣ್ಣ ಸುರಿದರು. ಸುಮಾರು 60 ಗಂಟೆಗಳ ಬಳಿಕ 12 ಕಿಲೋಮೀಟರ್ ಆಚೆಯ ಆಖ್ ಎಂಬ ದೊಡ್ಡ ಒರತೆ ಹಸಿರಾಗಿ ಹೊಳೆಯಿತು. ಆಖ್ ನೀರು ಸೇರುವುದು ರೈನ್ ನದಿಗೆ. ಮೇಲಿನ ನಕ್ಷೆಯಲ್ಲಿ ಬೇರೆ ಬೇರೆ ಆದ ಎರಡು ನದಿಗಳು ನೆಲದಡಿಯಲ್ಲಿ ಒಂದಾಗಿದ್ದವು. ಇಂದಿಗೂ ಇಂಥ ನೆಲದಲ್ಲಿ ಬಣ್ಣ ಬಿಟ್ಟು ನೋಡುವುದೇ ನಂಬಿಕೆಯ ದಾರಿ. ಕೊರೆದ ಬಾವಿ ಗುಹೆಯ ಕೊಳವೆಗೆ ತಾಗುವ ಸಾಧ್ಯತೆ ತೀರಾ ಕಡಿಮೆ. ಮಾದರಿ ತೆಗೆಯಬೇಕಾದದ್ದು ಒರತೆಗಳಲ್ಲಿ, ಅದೂ ಜೋರು ಮಳೆಯ ನಂತರ ಗಂಟೆಗೊಮ್ಮೆ. ಮೂರು ತಿಂಗಳಿಗೊಮ್ಮೆ ಬಾಟಲಿ ತುಂಬಿಕೊಂಡು ಹೋದರೆ ವಿಷ ಹಾದು ಹೋದದ್ದೇ ಗೊತ್ತಾಗುವುದಿಲ್ಲ.

ಅಗೆಯದೆ ನೋಡಬಹುದೇ?

ನೆಲಕ್ಕೆ ವಿದ್ಯುತ್ ಹರಿಸಿ, ರೇಡಿಯೋ ಅಲೆ ಕಳಿಸಿ ಒಳಗಿನ ಚಿತ್ರ ತೆಗೆಯುವ ವಿಧಾನಗಳಿವೆ. ಇವುಗಳ ಬಗ್ಗೆ ಆಸೆ ಜಾಸ್ತಿ. ಆದರೆ ಇವು ನೋಡುವುದು ರಾಸಾಯನಿಕವನ್ನಲ್ಲ, ವಿದ್ಯುತ್ ಗುಣದಲ್ಲಿನ ವ್ಯತ್ಯಾಸವನ್ನು. ಕಸದ ಗುಡ್ಡೆಯ ರಸದಲ್ಲಿ ಉಪ್ಪು ಇರುವುದರಿಂದ ಅದು ಚೆನ್ನಾಗಿ ಕಾಣುತ್ತದೆ. ಕರಗಿದ ಟಿಸಿಇಯ ಕೆಲವು ಮೈಕ್ರೋಗ್ರಾಂ ಕಾಣುವುದೇ ಇಲ್ಲ. ಸೋರಿದ ಎಣ್ಣೆ ಹೊಸದರಲ್ಲಿ ವಿದ್ಯುತ್ತನ್ನು ತಡೆಯುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿನ್ನತೊಡಗಿದ ಮೇಲೆ ಸುತ್ತಲಿನ ನೀರಿಗೆ ಲವಣಾಂಶ ಸೇರಿ ಅದೇ ಜಾಗ ವಿದ್ಯುತ್ ಹರಿಯುವಂತಾಗಬಹುದು. ಹಳೆ ಸೋರಿಕೆಯನ್ನು ಹೊಸದರ ಲಕ್ಷಣ ಹಿಡಿದು ಹುಡುಕಿದರೆ ತಪ್ಪು ಜಾಗ ಸಿಗುತ್ತದೆ. ನೆಲ ಭೇದಿಸುವ ರಾಡಾರ್ ಒಣ ಮರಳಿನಲ್ಲಿ ಚೆನ್ನಾಗಿ ನೋಡುತ್ತದೆ, ಜೇಡಿಯಲ್ಲಿ ಸ್ವಲ್ಪ ಆಳಕ್ಕೇ ಕುರುಡಾಗುತ್ತದೆ.

ಬೋರ್ಡನ್‌ನಲ್ಲಿ 1991ರಲ್ಲಿ 770 ಲೀಟರ್ ಪಿಸಿಇ ಬಿಟ್ಟು ಈ ವಿಧಾನಗಳನ್ನೂ ಪರೀಕ್ಷಿಸಿದ್ದಾರೆ. ದ್ರಾವಕ ಇಳಿಯುವುದು ಕಂಡಿತು. ಕಂಡದ್ದು ಯಾಕೆಂದರೆ ಬಿಡುವ ಮುಂಚಿನ ಚಿತ್ರ ಕೈಯಲ್ಲಿತ್ತು. ಮೊದಲಿನದರಿಂದ ಆಮೇಲಿನದನ್ನು ಕಳೆದು ನೋಡಿದರು. ನಿಜವಾದ ಜಾಗಗಳಲ್ಲಿ 'ಮುಂಚಿನ ಚಿತ್ರ' ಯಾರ ಹತ್ತಿರವೂ ಇರುವುದಿಲ್ಲ. ಹಾಗಂತ ಇವು ಬೇಡ ಅಂತಲ್ಲ. ಬಂಡೆ ಎಲ್ಲಿ ತಗ್ಗಾಗಿದೆ, ಜೇಡಿಯ ಹೊದಿಕೆ ಎಲ್ಲಿ ತೆಳುವಾಗಿದೆ, ಬಿರುಕಿನ ವಲಯ ಯಾವ ಕಡೆ ಸಾಗಿದೆ ಎಂದು ತೋರಿಸಲು ಇವೇ ಬೇಕು. ವಿಷವನ್ನು ತೋರಿಸು ಅಂತ ಕೇಳಿದರೆ ನಿರಾಸೆ, ದಾರಿಯನ್ನು ತೋರಿಸು ಅಂತ ಕೇಳಿದರೆ ಉಪಯೋಗ.

ಕಡಿಮೆ ಖರ್ಚಿನ ಸುಳಿವುಗಳೂ ಇವೆ. ಆಳವಿಲ್ಲದ ಅಂತರ್ಜಲದಿಂದ ಟಿಸಿಇ ಆವಿ ಮೇಲೇಳುತ್ತದೆ. ಮಣ್ಣಿನ ಗಾಳಿಯನ್ನು ಎಳೆದು ಪರೀಕ್ಷಿಸಬಹುದು. ಮರಗಳು ಬೇರಿನಿಂದ ನೀರು ಎಳೆಯುವಾಗ ದ್ರಾವಕವನ್ನೂ ಎಳೆದುಕೊಳ್ಳುತ್ತವೆ. ಕಾಂಡದಿಂದ ಪೆನ್ಸಿಲ್ ದಪ್ಪದ ಸಣ್ಣ ಕಡ್ಡಿ ತೆಗೆದು ಸೀಸೆಯಲ್ಲಿ ಮುಚ್ಚಿಟ್ಟು, ಅದರ ಗಾಳಿಯನ್ನು ಪರೀಕ್ಷಿಸಿದರೆ ಸಾಕು. ಒಂದೇ ದಿನದಲ್ಲಿ ಹತ್ತಾರು ಮರ ಮುಗಿಸಬಹುದು. ಸಾಲು ಮರಗಳಿದ್ದರೆ ಪ್ಲೂಮಿನ ಅಂಚು ಎಲ್ಲಿದೆ ಅಂತ ಮೊದಲ ಅಂದಾಜು ಸಿಗುತ್ತದೆ. ಯಂತ್ರ ಹೋಗಲಾರದ ಜೌಗು ನೆಲದಲ್ಲಿ ಇದು ದೊಡ್ಡ ಸಹಾಯ.

ಬಣ್ಣದ ನಕ್ಷೆಯ ಮೋಸ

ಇಷ್ಟೆಲ್ಲ ಮಾಡಿ ಕೊನೆಗೆ ನಕ್ಷೆ ಬರೆಯುತ್ತಾರೆ. ಏಳೆಂಟು ಬಾವಿಗಳ ಸಂಖ್ಯೆಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಕೆಂಪು, ಹಳದಿ, ಹಸಿರು ಬಣ್ಣದ ನುಣುಪಾದ ಮೊಟ್ಟೆಯಾಕಾರ ಬರುತ್ತದೆ. ನೋಡಲು ಖಚಿತವಾಗಿ ಕಾಣುತ್ತದೆ. ಬಾವಿಗಳ ನಡುವಿನ ಬಣ್ಣವೆಲ್ಲ ಊಹೆ. ಆ ಊಹೆ ಗಾಳಿಯಲ್ಲಿ ಹರಡುವ ಶಾಖದ ಥರದ್ದು. ಬಿರುಕು ಬಂಡೆಗೆ ಅದು ಹೊಂದುವುದೇ ಇಲ್ಲ. ಬಿರುಕು ನೆಲದಲ್ಲಿ ಹತ್ತಿರದ ಬಾವಿ ಶುದ್ಧ ಇದ್ದು ದೂರದ ಬಾವಿ ಕೆಟ್ಟಿರಬಹುದು. ಕಂಪ್ಯೂಟರ್ ಅದನ್ನು ಸರಾಸರಿ ಮಾಡಿ ಎರಡೂ ಸುಳ್ಳಾದ ಒಂದು ಬಣ್ಣ ಕೊಡುತ್ತದೆ. ಈ ನಕ್ಷೆ ನೋಡಿ ಮನೆ ಕಟ್ಟಲು ಅನುಮತಿ ಕೊಡುವವರು, ಬಾವಿ ಎಲ್ಲಿ ಕೊರೆಯಬೇಕು ಅಂತ ಹೇಳುವವರು ಇದ್ದಾರೆ. ನನಗೆ ಭಯವಾಗುವುದು ಇಲ್ಲಿ.

ಕಾಲ ಕಳೆದಂತೆ ರಾಸಾಯನಿಕವೇ ಬದಲಾಗುವುದು ಇನ್ನೊಂದು ತೊಡಕು. ಗಾಳಿಯಿಲ್ಲದ ನೆಲದಲ್ಲಿ ಸೂಕ್ಷ್ಮಜೀವಿಗಳು ಪಿಸಿಇಯನ್ನು ಟಿಸಿಇ ಮಾಡುತ್ತವೆ, ಟಿಸಿಇಯನ್ನು ಡೈಕ್ಲೋರೋಎಥಿಲೀನ್ ಮಾಡುತ್ತವೆ, ಅದನ್ನು ವಿನೈಲ್ ಕ್ಲೋರೈಡ್ ಮಾಡುತ್ತವೆ. ಅದೂ ಒಡೆದರೆ ಕೊನೆಗೆ ಎಥಿಲೀನ್ ಆಗಿ ಅಪಾಯ ಮುಗಿಯುತ್ತದೆ. ಆದರೆ ಎಷ್ಟೋ ಕಡೆ ಈ ಸರಪಳಿ ನಡುವೆಯೇ ನಿಲ್ಲುತ್ತದೆ. ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವುದು ಖಚಿತವಾದ ರಾಸಾಯನಿಕ. ಅಮೆರಿಕದಲ್ಲಿ ಅದರ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಪಿಸಿಇ ಮಾತ್ರ ಅಳೆಯುತ್ತಾ ಕೂತರೆ ಸಂಖ್ಯೆ ಇಳಿಯುತ್ತಿದೆ ಅಂತ ಖುಷಿಪಡುತ್ತೇವೆ, ನೀರು ಇನ್ನಷ್ಟು ಕೆಡುತ್ತಿರುತ್ತದೆ.

ಸಂಖ್ಯೆ ಇಳಿದದ್ದು ನಿಜಕ್ಕೂ ಒಡೆದು ಹೋದದ್ದರಿಂದಲೋ ಅಥವಾ ಬರೀ ನೀರು ಬೆರೆತು ತೆಳುವಾದದ್ದರಿಂದಲೋ? ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಇಂಗಾಲದಲ್ಲಿ ಹಗುರದ್ದು, ಭಾರದ್ದು ಎಂಬ ಎರಡು ಬಗೆಯ ಪರಮಾಣುಗಳಿವೆ. ಸೂಕ್ಷ್ಮಜೀವಿಗಳು ಹಗುರದ್ದಿರುವ ಅಣುವನ್ನು ಮೊದಲು ಒಡೆಯುತ್ತವೆ. ಉಳಿದ ದ್ರಾವಕದಲ್ಲಿ ಭಾರದ ಇಂಗಾಲದ ಪಾಲು ಏರುತ್ತದೆ. ಬರೀ ನೀರು ಬೆರೆತಿದ್ದರೆ ಆ ಪಾಲು ಬದಲಾಗುವುದಿಲ್ಲ.

ನೀರು, ಎಣ್ಣೆ ಅಂಟದಂತೆ ಮಾಡಲು ಬಳಸುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪು ಬಂದ ಮೇಲೆ ಅಳತೆಯೇ ಇನ್ನೊಂದು ಮಟ್ಟಕ್ಕೆ ಹೋಗಿದೆ. ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸುವ ನೊರೆಯಿಂದ ನೆಲ ಸೇರಿದ ಈ ರಾಸಾಯನಿಕಗಳಲ್ಲಿ ಎರಡಕ್ಕೆ ಅಮೆರಿಕ 2024ರಲ್ಲಿ ಇಟ್ಟ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಅಂದರೆ ಟಿಸಿಇ ಮಿತಿಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಮಾದರಿ ತೆಗೆಯುವವರು ಹಾಕಿದ ಜಲನಿರೋಧಕ ಜಾಕೆಟ್, ಪೈಪಿಗೆ ಸುತ್ತಿದ ಟೆಫ್ಲಾನ್ ಟೇಪ್ ಕೂಡ ಫಲಿತಾಂಶ ಕೆಡಿಸಬಹುದು. ಇವು ಆವಿಯಾಗಿ ಮೇಲೆ ಬರುವುದು ಕಡಿಮೆ. ಮಿಪ್‌ನಂಥ ಸರಳುಗಳಿಗೆ ಸಿಗುವುದಿಲ್ಲ. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಕಾಯಬೇಕು.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2013ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಆ ದೇಶದಲ್ಲಿ ಇನ್ನೂ ಶುದ್ಧವಾಗದ ಕಲುಷಿತ ಜಾಗಗಳು ಕನಿಷ್ಠ 1,26,000. ಅದರಲ್ಲಿ ಸುಮಾರು ಶೇ 10ರಷ್ಟು ನೆಲದ ಸ್ವಭಾವವೇ ಎಷ್ಟು ತೊಡಕಿನದು ಅಂದರೆ ಮುಂದಿನ 50ರಿಂದ 100 ವರ್ಷಗಳಲ್ಲೂ ಅಲ್ಲಿನ ನೀರು ಕುಡಿಯುವ ಮಟ್ಟಕ್ಕೆ ಬರುವುದು ಕಷ್ಟ. ಹಣ, ಯಂತ್ರ, ತಜ್ಞರು ಎಲ್ಲ ಇರುವ ದೇಶದ ಸ್ಥಿತಿ ಇದು. ಅಂಥ ಜಾಗಗಳಲ್ಲಿ ನಕ್ಷೆಯೇ ಮುಖ್ಯ ರಕ್ಷಣೆ. ತೆಗೆಯಲು ಆಗದ್ದು ಎಲ್ಲಿದೆ ಅಂತ ಗೊತ್ತಿದ್ದರೆ ಅಲ್ಲಿ ಬಾವಿ ಕೊರೆಯದೆ ಇರಬಹುದು, ಅದರ ಮೇಲೆ ಶಾಲೆ ಕಟ್ಟದೆ ಇರಬಹುದು.

ಹಾಗಾಗಿ ನಕ್ಷೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಬಾವಿಗಳ ಚುಕ್ಕಿಗಳನ್ನು. ಎಷ್ಟು ಚುಕ್ಕಿ? ಒಂದೊಂದಕ್ಕೂ ಎಷ್ಟು ಆಳ, ಬಾಯಿ ಎಷ್ಟು ಉದ್ದ? ಯಾವ ತಿಂಗಳ ನೀರು? ಯಾವ ರಾಸಾಯನಿಕಗಳನ್ನು ಹುಡುಕಿದ್ದಾರೆ, ಎಷ್ಟು ಕಡಿಮೆ ಪ್ರಮಾಣದವರೆಗೆ? ಭೂವಿಜ್ಞಾನಿಗಳ ನಕ್ಷೆಗಳಲ್ಲಿ ಹಳೆಯದೊಂದು ಒಳ್ಳೆಯ ರೂಢಿ ಇದೆ. ಕಣ್ಣಾರೆ ಕಂಡ ಗಡಿಗೆ ತುಂಬು ಗೆರೆ ಎಳೆಯುತ್ತಾರೆ. ಅಂದಾಜಿನ ಗಡಿಗೆ ತುಂಡು ಗೆರೆ. ಅಂದಾಜೂ ಗಟ್ಟಿ ಇಲ್ಲದ ಕಡೆ ಆ ತುಂಡು ಗೆರೆಯ ನಡುವೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ವಿಷದ ನಕ್ಷೆಗಳಲ್ಲೂ ಆ ಚಿಹ್ನೆ ಕಾಣಬೇಕು. ಮುಂದಿನ ರಂಧ್ರವನ್ನು ಎಲ್ಲಿ, ಯಾವ ಓರೆಯಲ್ಲಿ ಕೊರೆಯಬೇಕು ಅಂತ ಕೊರೆಯುವವರಿಗೆ ತಿಳಿಯುವುದು ಅದರಿಂದಲೇ.